ಯಾವ ವಿಮಾನ ಮೇಲಿತ್ತು?

ಚಿತ್ರದುರ್ಗದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: 'ಮೊಮ್ಮಗನ ಜೊತೆ ಕೋಟೆ ಹತ್ತಿದ್ದೆ. ಎರಡು ವಿಮಾನ ಎದುರುಬದುರಾಗಿ ಬಂದು ಒಂದರ ಮೇಲೊಂದು ಹಾದುಹೋದವು. ಗುದ್ದೇಬಿಟ್ಟವು ಅಂದುಕೊಂಡೆ. ಅಲ್ಲಿ ರಸ್ತೆಯಿಲ್ಲ, ಸಿಗ್ನಲ್ ಇಲ್ಲ. ಪೈಲಟ್ ಕಣ್ಣಳತೆಯಲ್ಲೇ ಅಂತರ ಕಾಯುತ್ತಾನಾ? ಎರಡರಲ್ಲಿ ಯಾವುದು ಮೇಲಿತ್ತು ಅಂತ ಹುಡುಗ ಈಗಲೂ ಕೇಳ್ತಾನೆ.'

ಮೇಷ್ಟ್ರೇ, ನಮಸ್ಕಾರ. ಹೈವೇಯಲ್ಲಿ ದುರ್ಗಕ್ಕೆ ಬರುವಾಗ ಗುಡ್ಡದ ಮೇಲಿನ ಗಾಳಿ ಫ್ಯಾನುಗಳ ರೆಕ್ಕೆ ಒಂದಕ್ಕೊಂದು ತಾಗಿದಂತೆ ಕಾಣುತ್ತವೆ, ಅಲ್ವಾ? ಹತ್ತಿರ ಹೋದರೆ ಒಂದು ಈ ಗುಡ್ಡದಲ್ಲಿ, ಇನ್ನೊಂದು ಆ ಗುಡ್ಡದಲ್ಲಿ. ಕೆಳಗೆ ನಿಂತು ಮೇಲೆ ನೋಡುವವರಿಗೂ ಇದೇ ಮೋಸ. ಹತ್ತು ಕಿಲೋಮೀಟರ್ ಎತ್ತರದಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಪೈಲಟ್ ಕಣ್ಣೂ ಅಷ್ಟೇ. ವಿಮಾನ ನಿಮಿಷಕ್ಕೆ ಸುಮಾರು 15 ಕಿಲೋಮೀಟರ್ ಓಡುತ್ತದೆ. ದುರ್ಗದಿಂದ ದಾವಣಗೆರೆಗೆ ನಾಲ್ಕೇ ನಿಮಿಷ. ಎದುರಿನದೂ ಅದೇ ವೇಗದಲ್ಲಿ ಬಂದರೆ ಸೆಕೆಂಡಿಗೆ ಅರ್ಧ ಕಿಲೋಮೀಟರ್ ಅಂತರ ಕರಗುತ್ತದೆ. ನಾನೊಮ್ಮೆ ಕಿಟಕಿ ಪಕ್ಕ ಕೂತಿದ್ದಾಗ ಇನ್ನೊಂದು ವಿಮಾನ ಕಂಡಿತು. 'ನೋಡು ನೋಡು' ಅಂತ ಹೆಂಡತಿ ಕಡೆ ತಿರುಗಿದೆ. ಅವಳು ಬಗ್ಗಿ ನೋಡುವಷ್ಟರಲ್ಲಿ ಬರೀ ಮೋಡ.

ಹಾಗಾಗಿ ಲೆಕ್ಕವನ್ನು ಮೊದಲೇ ಹಂಚಿಟ್ಟಿರುತ್ತಾರೆ. ಪೂರ್ವದ ಕಡೆ ಹೋಗುವವರಿಗೆ ಬೆಸ ಸಾವಿರ ಅಡಿ: 33, 35, 37. ಪಶ್ಚಿಮದ ಕಡೆಯವರಿಗೆ ಸಮ: 34, 36, 38. ಬೆಂಗಳೂರಿನಿಂದ ಮುಂಬೈಗೆ ಹೋಗುವುದು ಸಮದಲ್ಲಿ, ಅಲ್ಲಿಂದ ಬರುವುದು ಬೆಸದಲ್ಲಿ. ನಡುವೆ ಸಾವಿರ ಅಡಿ, ಅಂದರೆ ಸುಮಾರು 300 ಮೀಟರ್. ಮೊದಲು 29,000 ಅಡಿಗಿಂತ ಮೇಲೆ ಎರಡು ಸಾವಿರ ಅಡಿ ಬಿಡುತ್ತಿದ್ದರು, ಅಷ್ಟು ಮೇಲೆ ಎತ್ತರ ಅಳೆಯುವ ಉಪಕರಣವನ್ನು ಅಷ್ಟಾಗಿ ನಂಬುವಂತಿರಲಿಲ್ಲ. ಉಪಕರಣ ಸುಧಾರಿಸಿದ ಮೇಲೆ 2003ರಿಂದ ನಮ್ಮಲ್ಲೂ ಸಾವಿರಕ್ಕೆ ಇಳಿಸಿದರು.

ಈ ಉಪಕರಣದ ಕಥೆ ನನಗೆ ತುಂಬಾ ಇಷ್ಟ. ಅದು ನೆಲದಿಂದ ಅಳೆಯುವುದಿಲ್ಲ, ಗಾಳಿಯ ಒತ್ತಡ ನೋಡಿ ಎತ್ತರ ಹೇಳುತ್ತದೆ. ಒತ್ತಡವೋ ಊರಿಗೊಂದು, ದಿನಕ್ಕೊಂದು. ಅದಕ್ಕೇ ಮೇಲೆ ಹೋದವರೆಲ್ಲ ಮೀಟರನ್ನು 1013.25 ಅನ್ನುವ ಒಂದೇ ಅಂಕಿಗೆ ತಿರುಗಿಸಿಡುತ್ತಾರೆ. ಕೆಳಗಿನ ನಿಜವಾದ ಒತ್ತಡ ಏನೇ ಇರಲಿ! ದಾವಣಗೆರೆ ಬಸ್ ಸ್ಟ್ಯಾಂಡಿನಲ್ಲಿ ಎಲ್ಲರ ವಾಚೂ ಐದು ನಿಮಿಷ ಮುಂದಿದೆ ಅಂದುಕೊಳ್ಳಿ. ಟೈಮ್ ತಪ್ಪು, ಆದರೆ ಬಸ್ಸಿಗೂ ಬಸ್ಸಿಗೂ ನಡುವಿನ ಗ್ಯಾಪ್ ಸರಿ. ವಿಮಾನಗಳೂ ಹಾಗೆ ಎಲ್ಲವೂ ಕೂಡಿ ಒಂದೇ ತಪ್ಪು ಮಾಡುತ್ತವೆ.

ಹಿಂದೆ ಮುಂದೆ ಹೋಗುವವರಿಗೂ ಟೈಮ್ ಕೀಪರ್ ಇದ್ದಾನೆ. ರೇಡಾರ್ ಕಾಣದ ಕಡೆ ಒಂದೇ ಎತ್ತರದಲ್ಲಿ ಹೋಗುವವರ ನಡುವೆ ಹತ್ತು ನಿಮಿಷದಂಥ ಅಂತರ. ರೇಡಾರ್ ಇದ್ದರೆ ಸಾಮಾನ್ಯವಾಗಿ ಐದು ನಾಟಿಕಲ್ ಮೈಲಿ, ಅಂದರೆ ಒಂಬತ್ತು ಕಿಲೋಮೀಟರ್ ಚಿಲ್ಲರೆ. ನಮ್ಮ ಪ್ರೈವೇಟ್ ಬಸ್ಸಿನವರ ಹಾಗೆ 'ಇನ್ನೊಂದೇ ನಿಮಿಷ ಬಿಡ್ರೀ' ಅನ್ನುವಂತಿಲ್ಲ.

ಆದರೂ ತಪ್ಪಿದೆ. 1996ರ ನವೆಂಬರ್ 12ರಂದು ಹರಿಯಾಣದ ಚರ್ಖಿ ದಾದ್ರಿ ಮೇಲೆ ಕಜಕಸ್ತಾನದ ವಿಮಾನಕ್ಕೆ 15,000 ಅಡಿ, ಸೌದಿ ವಿಮಾನಕ್ಕೆ 14,000 ಅಡಿ ಕೊಟ್ಟಿದ್ದರು. ಕಜಕಸ್ತಾನದ್ದು ಕೆಳಗಿಳಿದುಬಿಟ್ಟಿತು. 349 ಜನ ಸತ್ತರು. ಅಂದಿನ ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಅಂತ ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಅಂತ ತೋರಿಸುತ್ತಿರಲಿಲ್ಲ. ನೀವು ಕೋಟೆ ಮೇಲೆ ನಿಂತು ಕಂಡಷ್ಟೇ ಅದಕ್ಕೂ ಕಾಣುತ್ತಿತ್ತು, ಮೇಷ್ಟ್ರೇ.

ಅದಾದ ಮೇಲೆ ನಮ್ಮಲ್ಲಿ ಟೀಕ್ಯಾಸ್ ಅನ್ನುವ ಯಂತ್ರ ಕಡ್ಡಾಯವಾಯಿತು. ಎರಡು ವಿಮಾನ ತೀರಾ ಹತ್ತಿರ ಬಂದರೆ ಎರಡರ ಯಂತ್ರಗಳೂ ತಮ್ಮತಮ್ಮಲ್ಲೇ ಮಾತಾಡಿಕೊಂಡು ಒಬ್ಬ ಪೈಲಟ್‌ಗೆ 'ಹತ್ತು', ಇನ್ನೊಬ್ಬನಿಗೆ 'ಇಳಿ' ಅನ್ನುತ್ತವೆ.

ಯಂತ್ರ ಒಂದು ಹೇಳಿ, ನೆಲದಲ್ಲಿ ಕೂತು ವಿಮಾನಗಳಿಗೆ ದಾರಿ ಹೇಳುವ ಕಂಟ್ರೋಲರ್ ಇನ್ನೊಂದು ಹೇಳಿದರೆ? ಜರ್ಮನಿಯ ಊಬರ್‌ಲಿಂಗೆನ್ ಮೇಲೆ 2002ರ ಜುಲೈ 1ರ ರಾತ್ರಿ ಆಗಿದ್ದೇ ಅದು. ನಿಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಓಬವ್ವನ ಗಂಡ ಊಟಕ್ಕೆ ಮನೆಗೆ ಬಂದ ಹೊತ್ತಲ್ಲವೇ ವೈರಿಗಳು ಕಿಂಡಿಗೆ ಬಂದದ್ದು? ಅಲ್ಲೂ ಇಬ್ಬರು ಕಂಟ್ರೋಲರ್‌ಗಳಲ್ಲಿ ಒಬ್ಬ ವಿಶ್ರಾಂತಿಗೆ ಹೋಗಿದ್ದ. ಉಳಿದವನು ಒಬ್ಬನೇ ಎರಡು ಪರದೆ ನೋಡುತ್ತಿದ್ದ. ರಿಪೇರಿಗೆಂದು ಮುಖ್ಯ ಫೋನ್ ಲೈನನ್ನೂ ತೆಗೆದಿದ್ದರು. ಎರಡು ವಿಮಾನ ಒಂದೇ ಎತ್ತರದಲ್ಲಿವೆ ಅಂತ ಕೊನೆಯ ನಿಮಿಷದಲ್ಲಿ ನೋಡಿ, ರಷ್ಯಾದ ಪ್ರಯಾಣಿಕ ವಿಮಾನಕ್ಕೆ 'ಇಳಿ' ಅಂದ. ಯಂತ್ರ ಅದಕ್ಕೆ 'ಹತ್ತು' ಅಂತಿತ್ತು. ಪೈಲಟ್‌ಗಳು ಮನುಷ್ಯನ ಮಾತು ಕೇಳಿದರು. ಎದುರಿನ ಸರಕು ವಿಮಾನದವರು ಯಂತ್ರದ ಮಾತು ಕೇಳಿ ಅವರೂ ಇಳಿದರು. 71 ಜನ ಹೋದರು, ಹೆಚ್ಚಿನವರು ಮಕ್ಕಳು.

ನಾನಂತೂ ಆ ಪೈಲಟ್‌ಗಳನ್ನು ಬೈಯಲಾರೆ. ಯಾರ ಮಾತು ಕೇಳಬೇಕು ಅನ್ನುವುದು ಆಗಿನ ನಿಯಮದಲ್ಲೇ ಸ್ಪಷ್ಟವಿರಲಿಲ್ಲ. ಈಗ ಆ ಗೊಂದಲವಿಲ್ಲ. ಯಂತ್ರ ಹೇಳಿದ ಮೇಲೆ ಕಂಟ್ರೋಲರ್ ಮಾತಿಗೆ ಕಾಯುವಂತಿಲ್ಲ.

ಇನ್ನು ಮೊಮ್ಮಗನ ಪ್ರಶ್ನೆ. ಅವತ್ತು ಯಾವುದು ಮೇಲಿತ್ತು ಅಂತ ಇಲ್ಲಿ ಕೂತು ಹೇಳಲಾರೆ. ಎರಡೂ ತಮ್ಮತಮ್ಮ ಎತ್ತರಕ್ಕೆ ಏರಿ, ಹತ್ತದೆ ಇಳಿಯದೆ ಹೋಗುತ್ತಿದ್ದವು ಅಂದರೆ, ಸೂರ್ಯ ಮುಳುಗುವ ಕಡೆ ಹೊರಟಿದ್ದು ಸಮ ಸಾವಿರದಲ್ಲಿತ್ತು, ಇನ್ನೊಂದು ಬೆಸದಲ್ಲಿ. ಎರಡರ ದಿಕ್ಕು ನೆನಪಿದೆಯಾ ಅಂತ ಅವನನ್ನೇ ಕೇಳಿ ನೋಡಿ.

— ಸಂ.