ಮಯಾಮಿಯಿಂದ ಕೆರಿಬಿಯನ್ ಕ್ರೂಸ್: ಬಾಲ್ಕನಿ ರೂಮ್ ಬೇಕಾ?

ಸೆಪ್ಟೆಂಬರ್‌ನಲ್ಲಿ ಟಿಕೆಟ್ ಅಗ್ಗ, ಹೋಗೋದು ನಾವಿಬ್ಬರೇ, ಬಾಲ್ಕನಿಗೆ ಜಾಸ್ತಿ ದುಡ್ಡು ಕೊಡಬೇಕಾ ಅಂತ ಕೇಳಿದ್ದೀರಿ. ಸುಮ್ನೆ ಅಗ್ಗ ಆಗಿಲ್ಲ ಅದು! ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ, ಸೆಪ್ಟೆಂಬರ್‌ನಲ್ಲಿ ಅದರ ಜೋರು. ಹಡಗು ದಾರಿ ಬದಲಿಸಿ ತಪ್ಪಿಸಿಕೊಳ್ಳುತ್ತದೆ, ಆದರೆ ನೀವು ಆಸೆಪಟ್ಟ ದ್ವೀಪವೇ ಕೈತಪ್ಪಬಹುದು. ರಜೆ ಸಿಕ್ಕರೆ ಫೆಬ್ರವರಿ ನೋಡಿ.

ಇನ್ನು ಬಾಲ್ಕನಿ. ನನ್ನ ಮಟ್ಟಿಗೆ, ಜೋಡಿಯಾಗಿ ಹೋಗುವವರಿಗೆ ಬೇಕೇ ಬೇಕು. ನಾವು ಹೋದಾಗ ಬೆಳಿಗ್ಗೆ ಆರಕ್ಕೆ ಇಬ್ಬರೂ ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತಿದ್ದೆವು. ಹಡಗಿನ ಪಕ್ಕದಿಂದ ಹಾರುವ ಮೀನುಗಳು ಎದ್ದು, ನೀರಿಗೆ ತಾಗಿಕೊಂಡೇ ಅಷ್ಟು ದೂರ ಹೋಗಿ ಮುಳುಗಿದವು. (ಕಾಫಿ ಮಾತ್ರ ನಮ್ಮ ಫಿಲ್ಟರ್ ಕಾಫಿಯಲ್ಲ, ಆಸೆ ಬಿಡಿ.)

ದಾರಿಯಲ್ಲಿ ಸಿಗುವ ಮೆಕ್ಸಿಕೋದ ಕೋಝುಮೆಲ್ ದ್ವೀಪದಲ್ಲಿ ಹಡಗು ದಡಕ್ಕೇ ನಿಲ್ಲುತ್ತದೆ. ಗ್ರ್ಯಾಂಡ್ ಕೇಮನ್ ದ್ವೀಪದಲ್ಲಿ ಹಾಗಲ್ಲ, ಸಮುದ್ರದಲ್ಲೇ ಲಂಗರು ಹಾಕಿ ಸಣ್ಣ ದೋಣಿಯಲ್ಲಿ ಕರೆದೊಯ್ಯುತ್ತಾರೆ. ಬೇಗ ಇಳಿದರೆ ಸೊಂಟದ ಮಟ್ಟದ ನೀರಲ್ಲಿ ನಿಂತು ತೊರಕೆ ಮೀನು ಮುಟ್ಟಬಹುದು.

ಇಂಡಿಯನ್ ಪಾಸ್‌ಪೋರ್ಟ್ ಅಲ್ವಾ? ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿ ಇದೆಯಾ ಅಂತ ಇವತ್ತೇ ನೋಡಿಕೊಳ್ಳಿ. ಹಡಗು ವಾಪಸ್ ಬರೋದು ಮಯಾಮಿಗೇ, ಅಂದರೆ ಅಮೆರಿಕದೊಳಗೆ ಇನ್ನೊಂದು ಸಲ ಹೋಗಬೇಕು.