ಕಾರವಾರದ ಬಡ ಮನೆಗಳಿಗೆ ನೀರು ಕಾಯಿಸುವ ಹೀಟ್ ಪಂಪ್ ಕೊಡುವುದಾದರೆ ಮೊದಲು ಏನನ್ನು ನೋಡಬೇಕು?

ಆ ಮನೆಯಲ್ಲಿ ಈಗ ಸ್ನಾನದ ನೀರು ಯಾವುದರಿಂದ ಕಾಯುತ್ತಿದೆ ಎಂಬುದನ್ನು. ಗೀಸರ್ ಅಥವಾ ಕಾಯಿಲ್ ಇರುವಲ್ಲಿ ಹೀಟ್ ಪಂಪ್ ಕರೆಂಟ್ ಬಿಲ್ಲನ್ನು ಇಳಿಸುತ್ತದೆ. ಸೌದೆಯ ಹಂಡೆ ಇರುವಲ್ಲಿ ಏರಿಸುತ್ತದೆ.

ಗೀಸರ್ ವಿದ್ಯುತ್ತನ್ನೇ ಶಾಖವಾಗಿಸುತ್ತದೆ. ಹೀಟ್ ಪಂಪ್ ಹೊರಗಾಳಿಯಲ್ಲಿರುವ ಶಾಖವನ್ನು ಎಳೆದು ನೀರಿಗೆ ಸಾಗಿಸುತ್ತದೆ, ಫ್ರಿಜ್ ಒಳಗಿನ ಶಾಖವನ್ನು ಹೊರಗೆ ಹಾಕುವ ಹಾಗೆಯೇ. 100 ಲೀಟರ್ ನೀರನ್ನು 25 ಡಿಗ್ರಿಯಿಂದ 45ಕ್ಕೆ ಏರಿಸಲು ಗೀಸರಿಗೆ ಸುಮಾರು 2.3 ಯೂನಿಟ್ ಬೇಕು. ಹೀಟ್ ಪಂಪಿಗೆ ಅದರ ಮೂರನೇ ಒಂದು ಭಾಗ ಸಾಕು. ಕರಾವಳಿಯ ಬೆಚ್ಚನೆಯ ಗಾಳಿ ಇದಕ್ಕೆ ಹೇಳಿ ಮಾಡಿಸಿದ್ದು. ಸೋಲಾರ್ ಕೈಕೊಡುವ ಆಷಾಢದ ಮಳೆಯಲ್ಲೂ ಇದು ನಡೆಯುತ್ತದೆ.

ಆದರೂ ದಿನಕ್ಕೆ 100 ಲೀಟರ್‌ನಂತೆ ತಿಂಗಳಿಗೆ ಸುಮಾರು 23 ಯೂನಿಟ್ ಆಗುತ್ತದೆ. ಗೃಹಜ್ಯೋತಿಯ ಉಚಿತ ಮಿತಿ ಎಲ್ಲರಿಗೂ 200 ಯೂನಿಟ್ ಅಲ್ಲ, ಆಯಾ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಎರಡು ಬಲ್ಬು, ಒಂದು ಫ್ಯಾನಿನ ಸೌದೆ ಒಲೆಯ ಮನೆ ಈ ಹೆಚ್ಚಳಕ್ಕೆ ಕೈಯಿಂದಲೇ ಹಣ ಕೊಡಬೇಕಾದೀತು. ತೆಂಗಿನ ಸಿಪ್ಪೆ ಉರಿಸುವಾಗ ಆ ಖರ್ಚೇ ಇರಲಿಲ್ಲ. ಹಾಗೆಂದು ಅವರನ್ನು ಬಿಡಿ ಎನ್ನಲಾರೆ. ಮಳೆಗಾಲದಲ್ಲಿ ಒದ್ದೆ ಸೌದೆ ಊದಿ ಊದಿ ಕಣ್ಣು ಕೆಂಪಾಗುವುದು ಆ ಮನೆಯ ಹೆಂಗಸರದ್ದೇ. ಅಲ್ಲಿ ಯಂತ್ರದ ಜೊತೆ ಆ 23 ಯೂನಿಟ್‌ನ ಹಣವನ್ನೂ ಹೀಟ್ ಪಂಪ್ ಕೊಡುವ ಯೋಜನೆಯೇ ಭರಿಸಬೇಕು.

ಕಡಲ ಬದಿಯ ಮನೆಗಳಿಗೆ ಉಪ್ಪುಗಾಳಿ ತಡೆಯುವ ಲೇಪನದ ಯಂತ್ರವೇ ಆಗಬೇಕು, ದುರಸ್ತಿ ಮಾಡುವವರು ಕಾರವಾರದಲ್ಲೇ ಇರಬೇಕು.