‘ಏನೂ ಬೇಡ, ಸುಮ್ನೆ ಓಡಾಡೋಣ’ ಅಂದರೆ ಏನರ್ಥ?

ಪತ್ರ: ಈ ಅಕ್ಟೋಬರ್ 29ಕ್ಕೆ ನಮ್ಮ ಮದುವೆಯಾಗಿ 15 ವರ್ಷ. ಆ ದಿನ ನಾವು ಇಸ್ತಾಂಬುಲ್‌ನಲ್ಲಿ ಇರುತ್ತೇವೆ. ಮಕ್ಕಳನ್ನು ಅಜ್ಜಿ ಹತ್ತಿರ ಬಿಟ್ಟು ಇಬ್ಬರೇ ಹೊರಟಿರುವುದು ಇದೇ ಮೊದಲು. ಬಾಸ್ಫರಸ್‌ನಲ್ಲಿ ಮೂರು ಗಂಟೆ ಸುತ್ತಿಸುವ ಡಿನ್ನರ್ ಕ್ರೂಸ್ ಬುಕ್ ಮಾಡಿದ್ದೇನೆ. ಊಟ, ಬೆಲ್ಲಿ ಡ್ಯಾನ್ಸ್, ಕೇಕು ಎಲ್ಲ ಇದೆ. ಹೆಂಡತಿಗೆ ಹೇಳಿಲ್ಲ, ಸರ್‌ಪ್ರೈಸ್. ಮೊನ್ನೆ ಏನೂ ಗೊತ್ತಿಲ್ಲದವನ ಹಾಗೆ ‘ಆ ದಿನ ಏನು ಮಾಡೋಣ’ ಅಂತ ಕೇಳಿದೆ. ‘ಏನೂ ಬೇಡ, ಸುಮ್ನೆ ಓಡಾಡೋಣ’ ಅಂದಳು. ಹತ್ತನೇ ವರ್ಷಕ್ಕೂ ಹೇಳದೆ ಕೇಳದೆ ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಸರಿಯಾಗಿ ಊಟ ಕೂಡ ಮಾಡಲಿಲ್ಲ. ‘ಚೆನ್ನಾಗಿತ್ತು’ ಅಂದಳು, ಅಷ್ಟೇ. ಅವಳು ಸಸ್ಯಾಹಾರಿ, ನಾನು ಎಲ್ಲ ತಿನ್ನುತ್ತೇನೆ. ಅವಳ ‘ಏನೂ ಬೇಡ’ವನ್ನು ನಂಬಿ ಬುಕಿಂಗ್ ಬಿಟ್ಟುಬಿಡಲಾ?

ಉತ್ತರ: ‘ಏನೂ ಬೇಡ’ವನ್ನು ಬಿಡಿ, ಅದರ ಪಕ್ಕದಲ್ಲೇ ಇರುವ ‘ಓಡಾಡೋಣ’ವನ್ನು ನಂಬಿ. ನೀವು ಮೊದಲೆರಡು ಪದ ಕೇಳಿಸಿಕೊಂಡು ಅಲ್ಲೇ ನಿಂತುಬಿಟ್ಟಿದ್ದೀರಿ. ಅವರು ಏನು ಬೇಕು ಅಂತಾನೂ ಹೇಳಿಯಾಗಿದೆ ನೋಡಿ.

ಇನ್ನು ಹತ್ತನೇ ವರ್ಷದ ಊಟ. ಹೋಟೆಲ್ ದೊಡ್ಡದು ಅಂತ ಬರೆದಿದ್ದೀರಿ, ಊಟ ಸರಿಯಾಗಿ ಮಾಡಲಿಲ್ಲ ಅಂತಲೂ ಬರೆದಿದ್ದೀರಿ. ಅವರ ತಟ್ಟೆಯಲ್ಲಿ ಏನಿತ್ತು ಅಂತ ಮಾತ್ರ ಬರೆದಿಲ್ಲ. ನೆನಪಿದೆಯಾ? ಸಸ್ಯಾಹಾರಿಗಳನ್ನು ದೊಡ್ಡ ಹೋಟೆಲಿಗೆ ಕರೆದುಕೊಂಡು ಹೋಗಿ ಬೇಯಿಸಿದ ಕ್ಯಾರೆಟ್ ಮುಂದೆ ಕೂರಿಸುವುದು ನಾನು ಬೇಕಾದಷ್ಟು ನೋಡಿದ್ದೇನೆ. ಅಂಥ ಊಟ ಮುಗಿಸಿದವರೂ ‘ಚೆನ್ನಾಗಿತ್ತು’ ಅಂತಲೇ ಹೇಳುತ್ತಾರೆ. ಖರ್ಚು ಮಾಡಿದ ಗಂಡನಿಗೆ ಇನ್ನೇನು ತಾನೆ ಹೇಳಲಿಕ್ಕಾಗುತ್ತೆ?

ಸರ್‌ಪ್ರೈಸ್ ವಿಷಯದಲ್ಲಿ ನನ್ನದೂ ಒಂದು ಕಥೆ ಇದೆ. ನಮ್ಮ ಇಪ್ಪತ್ತನೇ ವರ್ಷಕ್ಕೆ ನಾವೂ ಹೀಗೇ ಹೊರದೇಶದ ಒಂದು ಊರಿನಲ್ಲಿದ್ದೆವು. ನಮ್ಮವರು ‘ಚೆನ್ನಾಗಿ ರೆಡಿಯಾಗು’ ಅಂದರೇ ಹೊರತು ಎಲ್ಲಿಗೆ ಅಂತ ಬಾಯಿ ಬಿಡಲಿಲ್ಲ. ನಾನು ಹೊಸ ಚಪ್ಪಲಿ ಹಾಕಿಕೊಂಡೆ. ಬೀದಿ ಪೂರ್ತಿ ಗುಂಡುಕಲ್ಲು, ಏರು ಬೇರೆ. ಅರ್ಧ ಮೈಲಿ ಹೋಗುವಷ್ಟರಲ್ಲಿ ಚಪ್ಪಲಿ ಕಚ್ಚಿ ಹಿಮ್ಮಡಿಯಲ್ಲಿ ಬೊಬ್ಬೆ ಬಂತು. ಮಹಡಿ ಮೇಲಿನ ಹೋಟೆಲು, ಕೆಳಗೆ ಊರಿನ ದೀಪ, ಅಲ್ಲೇ ಯಾರೋ ಪಿಟೀಲು ನುಡಿಸುತ್ತಿದ್ದರು. ನಾನು ಮೇಜಿನ ಕೆಳಗೆ ಚಪ್ಪಲಿ ಬಿಚ್ಚಿಟ್ಟು, ವಾಪಸ್ ಇಳಿಯುವುದು ಹೇಗಪ್ಪಾ ಅಂತ ಯೋಚಿಸುತ್ತಿದ್ದೆ. ನಡೆಯುವುದಿದೆ ಅಂತ ಮೊದಲೇ ಹೇಳಿದ್ದರೆ ಹಳೇ ಚಪ್ಪಲಿ ಮೆಟ್ಟಿ ಬರುತ್ತಿದ್ದೆ. ಅವತ್ತಿನ ಫೋಟೋದಲ್ಲಿ ಅವರ ಮುಖ ಅರಳಿದೆ, ನನ್ನದು ಹುಳ್ಳಗಿದೆ.

ಗುಟ್ಟು ಮಾಡಿದ ಖುಷಿ ಎಲ್ಲ ಗುಟ್ಟು ಮಾಡಿದವರಿಗೇ ಹೋಗುತ್ತದೆ. ಜೊತೆಗೆ ಬರುವವರಿಗೆ ಏನು ಉಡಬೇಕು, ಎಷ್ಟು ಹಸಿವು ಇಟ್ಟುಕೊಳ್ಳಬೇಕು, ಮಧ್ಯಾಹ್ನ ಒಂದು ನಿದ್ದೆ ತೆಗೆಯಬೇಕಾ ಅನ್ನುವುದೂ ಗೊತ್ತಾಗುವುದಿಲ್ಲ.

ಈಗ ನಿಮ್ಮ ಕ್ರೂಸ್. ನನಗೆ ಇಷ್ಟವಿಲ್ಲ, ನೇರವಾಗಿ ಹೇಳಿಬಿಡುತ್ತೇನೆ. ಮೂರು ಗಂಟೆ ಮೈಕಿನ ಸದ್ದು. ಪಕ್ಕದ ಮೇಜಿನಲ್ಲಿ ಇನ್ಯಾರದೋ ಹುಟ್ಟುಹಬ್ಬ. ಸಾಕು ಅನ್ನಿಸಿದರೆ ನಡುನೀರಿನಲ್ಲಿ ಇಳಿಯಲಿಕ್ಕಾಗುವುದಿಲ್ಲ. ಹೆಂಡತಿಗೆ ಕುಣಿತ, ಗದ್ದಲ ಇಷ್ಟವಾದರೆ ಖಂಡಿತ ಹೋಗಿ. ಆದರೆ ಸುಮ್ನೆ ಓಡಾಡೋಣ ಅಂದವರು ಅದನ್ನು ಕೇಳಿದ ಹಾಗೆ ಕಾಣಲಿಲ್ಲ.

ಇನ್ನೊಂದು ವಿಷಯ ನೀವು ಗಮನಿಸಿಲ್ಲ ಅಂತ ಕಾಣುತ್ತದೆ. ಅಕ್ಟೋಬರ್ 29 ಟರ್ಕಿಯ ಗಣರಾಜ್ಯ ದಿನ. 1923ರಲ್ಲಿ ಗಣರಾಜ್ಯ ಘೋಷಣೆಯಾದ ದಿನ ಅದು. ಅವತ್ತು ದೇಶಕ್ಕೆಲ್ಲ ರಜೆ. ರಜೆ ಹಿಂದಿನ ದಿನ ಮಧ್ಯಾಹ್ನದಿಂದಲೇ ಶುರು. ಕಿಟಕಿ ಕಿಟಕಿಗೂ ಕೆಂಪು ಬಾವುಟ, ನೀರಿನ ದಡದ ತುಂಬ ಜನ. ನಿಮ್ಮ ಮದುವೆ ದಿನವನ್ನು ಇಡೀ ಊರು ಆಚರಿಸುತ್ತಿದೆ ಅಂತ ಹೆಂಡತಿಗೆ ಹೇಳಿ ನಗಿಸಬಹುದು. ಅವತ್ತು ಊಟದ ಮೇಜು ಮಾತ್ರ ಮೊದಲೇ ಹಿಡಿದಿಡಿ, ಆ ಹೊತ್ತಿಗೆ ಹೋಗಿ ನಿಂತರೆ ಸಿಗುವುದು ಕಷ್ಟ. ಆ ಸಂಜೆಗೆ ಗಟ್ಟಿ ಮಾಡಬೇಕಾದ್ದು ಅದೊಂದೇ.

ದೋಣಿ ಬೇಕೇ ಬೇಕು ಅಂದರೆ ಊರಿನವರು ದಿನಾ ಹತ್ತುವ ದೋಣಿ ಇದೆ. ಅದಕ್ಕೆ ಅಲ್ಲಿ ವಾಪುರ್ ಅನ್ನುತ್ತಾರೆ. ಇಸ್ತಾಂಬುಲ್‌ಕಾರ್ಟ್ ಅನ್ನುವ ಕಾರ್ಡ್ ತೆಗೆದುಕೊಂಡರೆ ಮೆಟ್ರೊ, ಟ್ರಾಮ್, ದೋಣಿ ಎಲ್ಲಕ್ಕೂ ಆಗುತ್ತದೆ. ಎಮಿನೋನು ಕಟ್ಟೆಯಲ್ಲಿ ಹತ್ತಿ ಉಸ್ಕುದಾರ್‌ನಲ್ಲಿ ಇಳಿದರೆ ಯುರೋಪಿನಿಂದ ಏಷ್ಯಾಕ್ಕೆ ಬಂದ ಹಾಗೆ, ಅದೂ ಅರ್ಧ ಗಂಟೆಯೊಳಗೆ. ಒಳಗೆ ಕೂರಬೇಡಿ, ಹೊರಗಿನ ಬೆಂಚಿನಲ್ಲಿ ಕೂತುಕೊಳ್ಳಿ. ಚಹಾ ತರುತ್ತಾರೆ. ಸೊಂಟ ಸಣ್ಣಗಿರುವ ಪುಟ್ಟ ಗಾಜಿನ ಲೋಟ, ಹಿಡಿ ಇರುವುದಿಲ್ಲ, ಅಂಚಿನಲ್ಲಿ ಎರಡು ಬೆರಳಲ್ಲಿ ಹಿಡಿಯಬೇಕು. ತಟ್ಟೆಯ ಮೇಲೆ ಸಕ್ಕರೆ ತುಂಡು. ಹಾಲು ಇರುವುದಿಲ್ಲ, ಕೇಳಲೂ ಹೋಗಬೇಡಿ. ಸಿಮಿತ್ ಅಂತ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ ಸಿಗುತ್ತದೆ. ಒಂದು ಚೂರು ಮುರಿದು ಮೇಲೆ ಎಸೆದರೆ ಕಡಲಹಕ್ಕಿ ಹಾರುತ್ತಲೇ ಕಚ್ಚಿಕೊಳ್ಳುತ್ತದೆ. ಹದಿನೈದು ವರ್ಷದ ದಾಂಪತ್ಯದಲ್ಲಿ ಇಬ್ಬರೂ ಒಟ್ಟಿಗೆ ‘ಅಯ್ಯೋ ನೋಡಲ್ಲಿ’ ಅಂದು ಎಷ್ಟು ದಿನವಾಗಿದೆಯೋ ಏನೋ.

ಉಸ್ಕುದಾರ್‌ನಲ್ಲಿ ಇಳಿದು ದಡ ಹಿಡಿದು ತೆಂಕಲಿಗೆ ನಡೆದರೆ ಸಲಾಜಕ್ ಸಿಗುತ್ತದೆ. ಎದುರಿಗೆ, ದಡದಿಂದ ಸುಮಾರು 200 ಮೀಟರ್ ಒಳಗೆ, ನೀರಿನ ನಡುವೆ ಒಂಟಿ ಗೋಪುರ. ಕನ್ಯೆಯ ಗೋಪುರ ಅಂತ ಅದರ ಹೆಸರು. ಅದರ ಹಿಂದೆ ಹಳೇ ಊರಿನ ಗುಮ್ಮಟ, ಮಿನಾರುಗಳು. ಸೂರ್ಯ ಆ ಕಡೆಗೇ ಇಳಿಯುತ್ತಾನೆ. ಅಕ್ಟೋಬರ್ ಕೊನೆಯಲ್ಲಿ ಆರು ಗಂಟೆ ಸುಮಾರಿಗೆಲ್ಲ ಮುಳುಗಿಬಿಡುತ್ತಾನೆ, ಹಾಗಾಗಿ ಐದಕ್ಕೇ ಅಲ್ಲಿರಿ. ಗಾಳಿ ಜೋರು, ಶಾಲು ಇಟ್ಟುಕೊಳ್ಳಲು ಹೇಳಿ. ಹಳೇ ಚಪ್ಪಲಿ ಹಾಕಿಕೊಳ್ಳಲೂ ಹೇಳಿ!

ಊಟಕ್ಕೆ ಅಲ್ಲಿಂದ ಕಡಿಕೊಯ್ ಕಡೆ ಹೋಗಬಹುದು, ಬಸ್ ಇದೆ. ನೀವು ನೋಡಬೇಕಾದ್ದು ಮೆಯ್ಹಾನೆ ಅನ್ನುವ ಬಗೆಯ ಹೋಟೆಲು. ಅಲ್ಲಿ ಮೆಜೆ ಅಂತ ಸಣ್ಣ ಸಣ್ಣ ತಟ್ಟೆಯ ತಿನಿಸು ಇರುತ್ತದೆ. ದೊಡ್ಡ ಟ್ರೇನಲ್ಲಿ ಜೋಡಿಸಿ ಮೇಜಿನ ಹತ್ತಿರವೇ ತರುತ್ತಾರೆ, ಬೇಕಾದ್ದಕ್ಕೆ ಬೆರಳು ತೋರಿಸಿದರೆ ಸಾಕು. ನಿಮಗೆ ಮೀನು ಬರಲಿ, ಅವರಿಗೆ ಹತ್ತು ತಟ್ಟೆ ಬರಲಿ, ಯಾರ ತಟ್ಟೆಯೂ ಬಡವಾಗುವುದಿಲ್ಲ. ಎಣ್ಣೆಯಲ್ಲಿ ಬೇಯಿಸಿ ಆರಿಸಿ ಬಡಿಸುವ ತರಕಾರಿಗಳಿಗೆ ಜೆಯ್ತಿನ್ಯಾಲಿ ಅನ್ನುತ್ತಾರೆ. ಅವುಗಳಲ್ಲಿ ಮಾಂಸ ಹಾಕುವುದಿಲ್ಲ. ದ್ರಾಕ್ಷಿ ಎಲೆಯ ಸುರುಳಿಯೂ ತಣ್ಣಗೆ ಬಂದರೆ ಸಾಮಾನ್ಯವಾಗಿ ಸಸ್ಯಾಹಾರ, ಬಿಸಿ ಬಿಸಿ ಬಂದರೆ ಕೈಮಾ ಇರುವ ಸಾಧ್ಯತೆ ಜಾಸ್ತಿ.

ಬದನೆಕಾಯಿ ವಿಷಯದಲ್ಲಿ ಮಾತ್ರ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿರಿ. ಸೀಳಿ ಹೂರಣ ತುಂಬಿದ ಬದನೆಕಾಯಿ ಎರಡು ಬಗೆ. ಇಮಾಮ್ ಬಾಯಿಲ್ದಿಯಲ್ಲಿ ಈರುಳ್ಳಿ, ಟೊಮ್ಯಾಟೊ ಇರುತ್ತದೆ. ‘ಇಮಾಮರು ಮೂರ್ಛೆ ಹೋದರು’ ಅಂತ ಅದರ ಅರ್ಥ, ರುಚಿಗೆ ಹೋದರೋ ಎಣ್ಣೆಯ ಖರ್ಚು ನೋಡಿ ಹೋದರೋ ಅಂತ ಜಗಳ ಇದೆ. ಕಾರ್ನಿಯಾರಿಕ್ ಅನ್ನುವುದೂ ನೋಡಲು ಹೆಚ್ಚುಕಡಿಮೆ ಹಾಗೇ ಇರುತ್ತದೆ, ಒಳಗೆ ಕೈಮಾ. ಬೇಳೆ ಸೂಪಿಗೂ ಕೆಲವು ಕಡೆ ಮಾಂಸ ಬೇಯಿಸಿದ ನೀರು ಹಾಕುತ್ತಾರೆ. ‘ಎತ್ ಯೆಮಿಯೊರುಮ್’, ಅಂದರೆ ನಾನು ಮಾಂಸ ತಿನ್ನುವುದಿಲ್ಲ. ನೀವು ಇಷ್ಟನ್ನು ಕಲಿತು, ಅವರ ಪರವಾಗಿ ‘ಎಶಿಮ್ ಎತ್ ಯೆಮಿಯೊರ್’, ನನ್ನ ಹೆಂಡತಿ ಮಾಂಸ ತಿನ್ನುವುದಿಲ್ಲ ಅಂತ ನೀವೇ ಹೇಳಿ. ಸರ್‌ಪ್ರೈಸ್ ಕೊಡಲೇಬೇಕು ಅಂತಿದ್ದರೆ ಇದನ್ನು ಕೊಡಿ. ಕೇಕಿಗಿಂತ ಚೆನ್ನಾಗಿರುತ್ತದೆ.

ವಾಪಸ್ ಬರುವಾಗ ರಜೆ ದಿನದ ದೋಣಿ ಹೊತ್ತು ಬೇರೆ ಇರಬಹುದು, ಕಟ್ಟೆಯಲ್ಲಿ ಮೊದಲೇ ನೋಡಿಕೊಳ್ಳಿ. ದೋಣಿ ತಪ್ಪಿದರೆ ಮರ್ಮರೈ ರೈಲು ಇದೆ. ಉಸ್ಕುದಾರ್‌ನಿಂದ ಎಮಿನೋನು ಪಕ್ಕದ ಸಿರ್ಕೆಜಿಗೆ ಸಮುದ್ರದ ಅಡಿಯಲ್ಲಿ ನಾಲ್ಕೇ ನಿಮಿಷ. ಅದು ಓಡಲು ಶುರುವಾದದ್ದೂ 2013ರ ಅಕ್ಟೋಬರ್ 29ರಂದೇ.

ಇಷ್ಟೆಲ್ಲ ಓದಿ ಇದನ್ನೇ ಇನ್ನೊಂದು ಗುಟ್ಟಿನ ಪ್ಲ್ಯಾನ್ ಮಾಡಿಬಿಡಬೇಡಿ ಮತ್ತೆ. ಇವತ್ತು ರಾತ್ರಿ ಊಟವಾದ ಮೇಲೆ ಹೇಳಿ: ‘ಕ್ರೂಸ್ ಬುಕ್ ಮಾಡಿದ್ದೆ ಕಣೇ, ನೀನು ಓಡಾಡೋಣ ಅಂದೆಯಲ್ಲ, ಎಲ್ಲಿ ಓಡಾಡಬೇಕು ಅಂತಿದ್ದೀಯ?’ ಹೇಳಿ ಸುಮ್ಮನಿರಿ. ಅವರು ತಕ್ಷಣ ಉತ್ತರ ಕೊಡದಿದ್ದರೂ ನಡುವೆ ಬಾಯಿ ಹಾಕಬೇಡಿ. ಯಾರಿಗೆ ಗೊತ್ತು, ಅವರೂ ಫೋನಿನಲ್ಲಿ ಒಂದೆರಡು ಜಾಗ ನೋಡಿಟ್ಟಿರಬಹುದು. ‘ಕ್ರೂಸಿಗೇ ಹೋಗೋಣ’ ಅಂದರೂ ಅನ್ನಬಹುದು. ಅಂದರೆ ನಾನು ಸೋತೆ, ನೀವು ಹೋಗಿ ಬನ್ನಿ.

ಅದಕ್ಕೂ ಮೊದಲು ಆ ಬುಕಿಂಗ್ ತೆಗೆದು, ರದ್ದು ಮಾಡಿದರೆ ದುಡ್ಡು ವಾಪಸ್ ಬರಲು ಕೊನೇ ದಿನ ಯಾವುದು ಅಂತ ನೋಡಿಕೊಳ್ಳಿ.